ಎರಡನೆಯ ಉಡುಗೊರೆ

ಊಟದ ಗಂಟೆ ಹೊಡೆದರೂ ಚಿತ್ರಗಾರ್ತಿ ಬರಲಿಲ್ಲ. ಕರೆಯಲು ಹೋದ ನಾನು ಅವಳ ಕೋಣೆಯ ಬಾಗಿಲು ತಳ್ಳಿದವಳೇ ಕಿಟಾರನೆ ಕಿರುಚಿಕೊಂಡೆ. ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ತುಟಿ, ರೆಪ್ಪೆ ಎಲ್ಲ ಊದಿ ಮುಖದ ಗುರುತೇ ಸಿಗುವಂತಿರಲಿಲ್ಲ. ಉಸಿರು ಸಿಳ್ಳೆ ಹೊಡೆದಂತೆ ಎಳೆಯುತ್ತಿತ್ತು.

ಮೊದಲು ಓಡಿಬಂದವಳು ಅಕ್ಕ. ನನ್ನ ದೊಡ್ಡಮ್ಮನ ಮಗಳು. ಮನೆಯಲ್ಲಿ ಅವಳಿಗೆ ಸಿಐಡಿ ಎಂದೇ ಹೆಸರು. ಈ ಪರದೇಶದ ಹಾಸ್ಟೆಲಿಗೆ ಬಂದ ಮೇಲೂ ಕಳೆದ ಬೀಗದಕೈ, ಮಾಯವಾದ ಪರದೆ, ಎಲ್ಲಕ್ಕೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. "ಏನನ್ನೂ ಮುಟ್ಟಬೇಡ, ಡಾಕ್ಟರನ್ನ ಕೂಗು!" ಎಂದಳು.

ನಾವು ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು. ಇಲ್ಲಿನ ಶಾಲೆಯ ಮಕ್ಕಳ ಕೈಲಿ ನಾಟಕ ಆಡಿಸಲು ಸ್ವಯಂಸೇವಕರಾಗಿ ಬಂದಿದ್ದೆವು. ಚಿತ್ರಗಾರ್ತಿ ಪರದೆ ಬರೆಯುತ್ತಿದ್ದಳು. ಬಡಗಿ ಎಂದು ನಾವು ಕರೆಯುತ್ತಿದ್ದ ಆಜಾನುಬಾಹು ಹುಡುಗ ರಂಗಮಂಚ ಕಟ್ಟುತ್ತಿದ್ದ. ಡಾಕ್ಟರ್ ಅಂದರೆ ವೈದ್ಯಕೀಯ ಓದುತ್ತಿದ್ದ ಹುಡುಗಿ, ಮಕ್ಕಳ ಆರೋಗ್ಯ ನೋಡುತ್ತಿದ್ದಳು. ಅಕ್ಕನೂ ನಾನೂ ಹಾಡು ಕಲಿಸುತ್ತಿದ್ದೆವು. ನಮ್ಮೆಲ್ಲರ ಮೇಲೆ ಮೇಡಂ. ಎಲ್ಲರೂ ಆಡುತ್ತಿದ್ದದ್ದು ಒಂದು ಹರಕುಮುರುಕು ಭಾಷೆ; ಅದನ್ನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

ಚಿತ್ರಗಾರ್ತಿಗೆ ಕಡಲೆಕಾಯಿ ಎಂದರೆ ವಿಷ. ಡಾಕ್ಟರ್ ನೋಡಿ ಸರಿ ಅನ್ನುವ ತನಕ ಒಂದು ಚೂರನ್ನೂ ಬಾಯಿಗಿಡುತ್ತಿರಲಿಲ್ಲ. ಆಪತ್ತಿಗೆಂದು ಪೆನ್ನಿನಂಥ ಒಂದು ಇಂಜೆಕ್ಷನ್ ಸದಾ ಅವಳ ಮಂಚಕ್ಕೆ ನೇತುಬಿದ್ದ ಕೆಂಪು ಚೀಲದಲ್ಲಿರುತ್ತಿತ್ತು. ಆವತ್ತು ಚೀಲ ಬರಿದಾಗಿತ್ತು. ನೆಲದ ಮೇಲೆ ಅರ್ಧ ತಿಂದ ಬೆಣ್ಣೆ ಬಿಸ್ಕತ್ತು, ಪಕ್ಕದಲ್ಲಿ ಉಡುಗೊರೆ ಸುತ್ತುವ ಕಂದು ಕಾಗದ ಮತ್ತು ದಾರ. ಓಡಿಬಂದ ಡಾಕ್ಟರ್ ನಾಡಿ ಹಿಡಿದು, ಚೀಲ ನೋಡಿ, "ಅಯ್ಯೋ, ಯಾರೋ ಇಂಜೆಕ್ಷನ್ ಕದ್ದಿದ್ದಾರೆ!" ಎಂದು ಅಳತೊಡಗಿದಳು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವಳೂ ಅವಳೇ.

ಆ ಕಾಗದ ಕಂಡಾಗಲೇ ನನ್ನ ಎದೆ ಧಸಕ್ಕೆಂದಿತ್ತು. ನಮ್ಮಲ್ಲೊಂದು ಆಟವಿತ್ತು, ಗುಟ್ಟಿನ ಗೆಳೆತನ. ಬಂದ ದಿನವೇ ಚೀಟಿ ಎತ್ತಿದ್ದೆವು. ಯಾರ ಹೆಸರು ಬಂತೋ ಅವರಿಗೆ ದಿನಕ್ಕೊಂದು, ಒಂದೇ ಒಂದು, ಪುಟ್ಟ ಉಡುಗೊರೆಯನ್ನು ಗೊತ್ತಾಗದಂತೆ ಇಡಬೇಕು. ಯಾರಾದರೂ ಕಂದು ಕಾಗದ ಹಿಡಿದು ಹೋಗುವುದು ಕಂಡರೆ ಉಳಿದವರು ಗೋಡೆಗೆ ಮುಖ ತಿರುಗಿಸಿ ನಿಲ್ಲಬೇಕು. ಚಿತ್ರಗಾರ್ತಿಯ ಚೀಟಿ ಬಂದಿದ್ದು ನನಗೆ.

ಪೊಲೀಸ್ ಅಧಿಕಾರಿ ಬಂದವನೇ ಎಲ್ಲರ ಚೀಟಿ ಕೇಳಿದ, ಕೋಣೆ ಜಾಲಾಡಿದ. ನಮ್ಮ ನೀಲಿ ಕೈಚೀಲಗಳು ಪಡಸಾಲೆಯ ಮೊಳೆಗಳಿಗೆ ನೇತಾಡುತ್ತಿದ್ದವು. ಎಲ್ಲವೂ ಒಂದೇ ತರಹದವು. ಅದರಲ್ಲೊಂದಕ್ಕೆ ಕೈಹಾಕಿ ಇಂಜೆಕ್ಷನ್ ಹೊರತೆಗೆದ. ಮುಚ್ಚಳ ಕಳಚಿತ್ತು, ಸೂಜಿ ಹೊರಗಿತ್ತು. ಚೀಲ ನನ್ನದು.

"ಉಡುಗೊರೆ ಇಡೋರು ನೀವು, ಔಷಧಿ ಬಚ್ಚಿಟ್ಟೋರೂ ನೀವು. ಪಾಸ್‌ಪೋರ್ಟ್ ಕೊಡಿ. ಸಂಜೆ ನನ್ನ ಜೊತೆ ಠಾಣೆಗೆ ಬರಬೇಕು," ಎಂದ.

ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಜೈಲು. ಅಮ್ಮನಿಗೆ ಯಾರು, ಏನಂತ ಹೇಳುತ್ತಾರೆ? ಅಕ್ಕನ ಸೆರಗಿದ್ದಿದ್ದರೆ ಹಿಡಿದುಕೊಳ್ಳುತ್ತಿದ್ದೆ. ಅವಳು ಹಾಕಿದ್ದು ಅಂಗಿ, ಅದರ ತೋಳನ್ನೇ ಹಿಡಿದುಕೊಂಡೆ.

"ಅಕ್ಕಾ, ನಾನಲ್ಲ ಕಣೇ."

"ನೀನು ಜಿರಲೆ ಕಂಡರೆ ಮಂಚ ಹತ್ತೋಳು. ಸುಮ್ನಿರು, ನನಗೆ ಯೋಚನೆ ಮಾಡೋಕೆ ಬಿಡು," ಎಂದು ಗದರಿದಳು. ಅಧಿಕಾರಿಯ ಅನುಮತಿ ಕೇಳಿ ಕಂದು ಕಾಗದವನ್ನು ತುದಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದಳು. ಒಂದು ಕಲೆಯೂ ಇರಲಿಲ್ಲ. ಬಿಸ್ಕತ್ತು ಬಿದ್ದಿದ್ದ ನೆಲ ಮಾತ್ರ ಜಿಡ್ಡಿನಿಂದ ಹೊಳೆಯುತ್ತಿತ್ತು.

ಬಡಗಿಯನ್ನು ಕೇಳಿದಳು, "ಊಟಕ್ಕೆ ಮುಂಚೆ ಯಾರನ್ನಾದರೂ ನೋಡಿದೆಯಾ?"

"ಪಡಸಾಲೆ ತುದೀಲಿ ಕಾಗದ ಹಿಡ್ಕೊಂಡು ಯಾರೋ ಬಂದರು. ಗೋಡೆ ಕಡೆ ತಿರುಗಿಬಿಟ್ಟೆ."

"ಗಂಡೋ ಹೆಣ್ಣೋ?"

"ಕಾಗದ ಕಂಡಿತು, ತಿರುಗಿದೆ. ನಿಯಮ ಅಂದರೆ ನಿಯಮ ಅಲ್ವಾ?"

ಅಕ್ಕ ನನ್ನ ಕಡೆ ತಿರುಗಿದಳು. "ಇವತ್ತು ನೀನು ಏನು ಕೊಟ್ಟೆ?"

"ದಾರದ ಬಳೆ. ಬೆಳಿಗ್ಗೆ ಅವಳ ಕುಂಚದ ಡಬ್ಬಿಗೆ ಸಿಕ್ಕಿಸಿದ್ದೆ. ಕೈಗೆ ಹಾಕ್ಕೊಂಡು ಎಲ್ಲರಿಗೂ ತೋರಿಸ್ತಾ ಕುಣಿದಳಲ್ಲ, ನೀನೂ ಇದ್ದೆ."

"ನಾನು, ನೀನು, ಬಡಗಿ, ಮೇಡಂ ಇದ್ದೆವು. ಡಾಕ್ಟರ್?"

"ಬೆಳಗಾಗುತ್ತಲೇ ಮಕ್ಕಳನ್ನ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿದ್ದಳು. ಬಂದಿದ್ದು ಊಟಕ್ಕೆ ಸ್ವಲ್ಪ ಮುಂಚೆ."

ಅಕ್ಕನ ಮುಖ ಬಿಳಿಚಿಕೊಂಡಿತು. "ಆಸ್ಪತ್ರೆಯಲ್ಲಿ ಈಗ ಅವಳ ಪಕ್ಕ ಯಾರಿದ್ದಾರೆ?" ಎಂದವಳೇ ಉತ್ತರಕ್ಕೂ ಕಾಯದೆ ಮೇಡಂ ಕೈಯಿಂದ ಫೋನು ಕಿತ್ತುಕೊಂಡು ಆಸ್ಪತ್ರೆಗೆ ಮಾಡಿದಳು. "ನರ್ಸಮ್ಮಾ, ಆ ಹುಡುಗಿ ಪಕ್ಕದಿಂದ ನೀವು ಕದಲಬೇಡಿ. ಜೊತೆಗೆ ಬಂದವಳನ್ನ ಈಗಲೇ ಇಲ್ಲಿಗೆ ಕಳಿಸಿ... ಏನು, ತೊಡೆ ಮೇಲೆ ಸೂಜಿಯ ಗುರುತಾ?"

ಸಂಜೆ ಎಲ್ಲರೂ ನಾಟಕದ ಕೋಣೆಯಲ್ಲಿ ಸೇರಿದೆವು. ಅರ್ಧ ಬರೆದ ಪರದೆಯ ಮುಂದೆ ಅಕ್ಕ ನಿಂತಳು. ಅಧಿಕಾರಿ ನನ್ನ ಪಕ್ಕದಲ್ಲೇ ಕೂತಿದ್ದ. ಡಾಕ್ಟರ್ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

"ಮೊದಲು ಕಾಗದ," ಎಂದಳು ಅಕ್ಕ. "ಆ ಬಿಸ್ಕತ್ತಿಂದ ಬೆಣ್ಣೆ ಒಸರುತ್ತೆ, ನೆಲಕ್ಕೂ ಅಂಟಿದೆ. ಕಾಗದಕ್ಕೆ ಜಿಡ್ಡೇ ಆಗಿಲ್ಲ. ಅಂದರೆ ಬಿಸ್ಕತ್ತನ್ನ ಅದರಲ್ಲಿ ಸುತ್ತಿರಲೇ ಇಲ್ಲ. ಉಡುಗೊರೆ ಅಂತ ನಾವು ನಂಬಲಿ ಅಂತ ಆಮೇಲೆ ಇಟ್ಟಿದ್ದು. ಎರಡನೇದು, ದಿನಕ್ಕೆ ಒಂದೇ ಉಡುಗೊರೆ. ಅವಳಿಗೆ ಇವತ್ತಿಂದು ಬೆಳಿಗ್ಗೆಯೇ ಸಿಕ್ಕಿತ್ತು. ಅದು ನಮಗೆಲ್ಲ ಗೊತ್ತು. ಗೊತ್ತಿದ್ದವರು ಯಾರೂ ಎರಡನೇ ಉಡುಗೊರೆಯ ನಾಟಕ ಹೂಡಲ್ಲ. ಬೆಳಿಗ್ಗೆ ಇಲ್ಲಿ ಇಲ್ಲದವರು ಒಬ್ಬರೇ."

ಅಕ್ಕ ಅಧಿಕಾರಿಯ ಕಡೆ ತಿರುಗಿದಳು.

"ಇಂಜೆಕ್ಷನ್ ಕದ್ದು ಬಚ್ಚಿಟ್ಟಿದ್ದಲ್ಲ ಸಾರ್, ಖಾಲಿಯಾಗಿದೆ. ಅವಳ ತೊಡೆಗೆ ಚುಚ್ಚಿದ್ದಾರೆ. ಅದಕ್ಕೇ ಇನ್ನೂ ಜೀವ ಇದೆ ಅಂತ ನರ್ಸ್ ಹೇಳಿದರು. ಕೊಲ್ಲೋಕೆ ಬಂದವರು ಔಷಧಿ ಚುಚ್ಚಲ್ಲ. ತಪ್ಪಾಗಿ ಹೋದವರು ಚುಚ್ಚುತ್ತಾರೆ. ಇನ್ನು, ಆ ಹುಡುಗಿ ಕಣ್ಣುಮುಚ್ಚಿ ತಿನ್ನೋದು ಯಾರು ಕೊಟ್ಟರೆ?" ಅಕ್ಕನ ದನಿ ಮೆತ್ತಗಾಯಿತು. "ನೀನೇ ಹೇಳಮ್ಮ."

ಡಾಕ್ಟರ್ ನೆಲಕ್ಕೆ ಕುಸಿದಳು. "ಅಮ್ಮ ಕಳಿಸಿದ್ದು. ಅವಳು ಯಾವಾಗಲೂ ಬರೀ ಬೆಣ್ಣೆ ಹಾಕ್ತಾಳೆ. ಈ ಸಲ ಕಡಲೆಕಾಯಿ ಪುಡಿ ಬೆರೆಸಿದ್ದು ನನಗೆ ಗೊತ್ತಿರಲಿಲ್ಲ. ಒಂದು ಚೂರು ಬಾಯಿಗೆ ಹಾಕಿ ನೋಡಲಿಲ್ಲ. ಇಂಜೆಕ್ಷನ್ ಚುಚ್ಚಿದೆ, ಸಹಾಯಕ್ಕೆ ಕೂಗೋಣ ಅಂತಲೇ ಓಡಿದೆ. ಇನ್ನೆಲ್ಲಿ ಡಾಕ್ಟರಾಗೋದು, ಮುಗೀತು ನನ್ನ ಬಾಳು ಅನ್ನಿಸ್ತು. ದಾರೀಲಿ ಉಡುಗೊರೆ ಕಾಗದ ಇಡೋ ಬೀರು ಇತ್ತು." ಮುಖ ಮುಚ್ಚಿಕೊಂಡಳು. "ವಾಪಸ್ ಹೋಗಿ ಕಾಗದ, ದಾರ ಇಟ್ಟು, ಅಂಗೈಯಲ್ಲಿದ್ದ ಇಂಜೆಕ್ಷನ್‌ನ ಸಿಕ್ಕಿದ ಚೀಲಕ್ಕೆ ಹಾಕಿದೆ. ಯಾರದು ಅಂತ ನೋಡಲಿಲ್ಲ."

"ಆಮೇಲೆ ಗೊತ್ತಾಯಿತಲ್ಲ?" ಎಂದರು ಮೇಡಂ. "ನಾನೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದೆನಲ್ಲ, ಯಾರ ಚೀಲದಲ್ಲಿ ಸಿಕ್ಕಿತು ಅಂತ?"

ಅವಳು ಹೌದೆಂದು ತಲೆಯಾಡಿಸಿದಳು. ನಾನು ಹೋಗುವುದು ಠಾಣೆಗೆ ಎಂದು ಗೊತ್ತಿದ್ದೂ ಸುಮ್ಮನಿದ್ದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಿತ್ರಗಾರ್ತಿ ಕಣ್ಣು ಬಿಟ್ಟಿದ್ದಳು, ನೀರು ಕೇಳಿದಳಂತೆ. ಬಡಗಿ ಗೊಳೋ ಎಂದು ಅತ್ತುಬಿಟ್ಟ. ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಕೈಗಿಟ್ಟು ಡಾಕ್ಟರಿಗೆ ಏಳುವಂತೆ ಸನ್ನೆ ಮಾಡಿದ. ಸಂತೋಷಪಡಬೇಕಾದ ಹೊತ್ತು. ಆದರೆ ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ಮಧ್ಯಾಹ್ನವೆಲ್ಲ ಅವಳ ಕೈ ಹಿಡ್ಕೊಂಡು ಕೂತಿದ್ದೆಯಲ್ಲ. ಏನಂತ ಬೇಡಿಕೊಳ್ತಿದ್ದೆ? ಕಣ್ಣು ಬಿಡಲಿ ಅಂತಲಾ, ಬಿಡದೇ ಇರಲಿ ಅಂತಲಾ?"

ಡಾಕ್ಟರ್ ಬಾಗಿಲಲ್ಲಿ ನಿಂತಳು. ಸುಳ್ಳು ಹೇಳುತ್ತಾಳೆ ಅಂದುಕೊಂಡೆ. ಹೇಳಿದ್ದರೆ ಚೆನ್ನಾಗಿರುತ್ತಿತ್ತು.

"ಎರಡನ್ನೂ," ಎಂದಳು.