ಕೆಸರಿನ ಮೇಲೆ, ಕೆಸರಿನೊಳಗೆ

"ಈ ಅಂಕಿಗಳು ಸುಳ್ಳು. ಕೂತಲ್ಲೇ ಕಟ್ಟಿದ್ದು!"

ಪ್ರೊಫೆಸರ್ ಡೆಟ್ಲೆಫ್ ಮಾತಿಗೆ ಜರ್ಮನಿಯ ಬ್ರೆಮೆನ್ನಿನ ಆ ಪ್ರಯೋಗಾಲಯದಲ್ಲಿ ಎಲ್ಲರೂ ತಿರುಗಿ ನೋಡಿದರು. ಅವರ ಶಿಷ್ಯೆ ಇಮ್ಕೆ ಬಿಳಿಚಿಕೊಂಡಳು. ಅವಳ ಡಾಕ್ಟರೇಟು, ಹೆಸರು, ಎಲ್ಲವೂ ಆ ಅಂಕಿಗಳ ಮೇಲೆ ನಿಂತಿತ್ತು.

ಆಳಸಮುದ್ರದ ತಳದಲ್ಲಿ ಬದುಕುವ ಫೊರಾಮಿನಿಫೆರಾ ಮರಳಿನ ಕಣದಷ್ಟೇ ಪುಟ್ಟ ಜೀವಿ. ಅದರ ಚಿಪ್ಪಿನಲ್ಲಿ ಭಾರದ ಇಂಗಾಲ ಹೆಚ್ಚಿದ್ದರೆ ಆ ಕಾಲದ ಆಳದ ನೀರು ಮೇಲಿಂದ ಹೊಸದಾಗಿ ಇಳಿದ ತಾಜಾ ನೀರು, ಕಡಿಮೆಯಿದ್ದರೆ ಹಳಸಲು. ಹಿಮಯುಗದಲ್ಲೂ ಕಡಲಾಳ ಉಸಿರಾಡುತ್ತಿತ್ತು ಎಂದಿದ್ದಳು ಇಮ್ಕೆ. ಅದೇ ಕೆಸರನ್ನು ಡೆಟ್ಲೆಫ್ ಪರೀಕ್ಷಿಸಿದರೆ—ಹಳಸಲು!

ತನಿಖೆ ಹಿರಿಯ ಭೂವಿಜ್ಞಾನಿ ವೀಬ್ಕೆಯ ಪಾಲಿಗೆ ಬಂತು. ಸಾಕ್ಷಿಯೇ ಇರಲಿಲ್ಲ. ಅಳೆಯಬೇಕಾದರೆ ಚಿಪ್ಪನ್ನು ಆಮ್ಲದಲ್ಲಿ ಕರಗಿಸಲೇಬೇಕು; ಇಬ್ಬರೂ ಅಳೆದ ಚಿಪ್ಪುಗಳು ಕರಗಿಹೋಗಿದ್ದವು.

"ಯಂತ್ರ ಕೆಟ್ಟಿತ್ತಾ?"

"ನನ್ನ ಯಂತ್ರದ ತಂಟೆಗೆ ಬರಬೇಡ ವೀಬ್ಕೆ," ಎಂದು ಯಂತ್ರ ನಡೆಸುವ ಯೋರ್ನ್ ಸಿಡುಕಿದ. "ತಾಳೆಗೆ ಇಟ್ಟ, ಅಂಕಿ ಮೊದಲೇ ಗೊತ್ತಿರೋ ಅಮೃತಶಿಲೆ ಪುಡಿ ಎರಡು ಸಲಾನೂ ಸರಿಯಾಗೇ ಬಂತು."

ಇಮ್ಕೆ ಮುಖ ತೊಳೆದುಕೊಂಡು ಬಂದಿದ್ದಳು. ಆ ತೊಳೆದ ಮುಖ ವೀಬ್ಕೆಗೆ ಹೊಸದಲ್ಲ. ತನ್ನ ಕಾಲದಲ್ಲಿ ತಾನೂ ಹಾಗೆ ಅತ್ತು, ತೊಳೆದುಕೊಂಡು ನಗುತ್ತಾ ಒಳಗೆ ಬಂದವಳೇ. ಆದರೆ ಕನಿಕರ ಪುರಾವೆಯಲ್ಲ.

"ಯಾವ ಚಿಪ್ಪು ಆರಿಸಿದೆ?"

"ಕೆಸರಿನ ಮೇಲೆ ಬದುಕೋ ಚಪ್ಪಟೆ ಜಾತಿ ಮಾತ್ರ. ಸಿಕ್ಕಿದ್ದೇ ಬೆರಳೆಣಿಕೆ. ಕೆಸರು ಸೋಸಿಟ್ಟ ಜಾಡಿಯೆಲ್ಲ ಬಾಚಿ ತಗೊಂಡೆ ಮೇಡಂ."

ಡೆಟ್ಲೆಫ್ ಉತ್ತರ ಚುಟುಕಾಗಿತ್ತು. "ಅದೇ ಜಾಡಿ, ಅದೇ ಜಾತಿ. ನಾನೇ ಕೈಯಾರೆ ಆರಿಸಿದ್ದು. ಸಾಕಾ?"

ವಾರದ ನಂತರ ವೀಬ್ಕೆ ಎಲ್ಲರನ್ನೂ ಕರೆದಳು.

"ಡೆಟ್ಲೆಫ್, ಇಮ್ಕೆ ಬಾಚಿದ ಮೇಲೆ ಆ ಜಾಡೀಲಿ ಚಪ್ಪಟೆ ಚಿಪ್ಪು ಒಂದೂ ಉಳಿದಿರಲಿಲ್ಲ. ನಾನೇ ಹುಡುಕಿ ನೋಡಿದೆ. ನಿನಗೆಲ್ಲಿ ಸಿಕ್ತು?"

ಡೆಟ್ಲೆಫ್ ತಮ್ಮ ಟಿಪ್ಪಣಿ ಪುಸ್ತಕ ತಿರುವತೊಡಗಿದರು. ವೀಬ್ಕೆ ಮುಂದುವರಿಸಿದಳು.

"ಅಲ್ಲಿರೋದು ಕೊಂಚ ಉಬ್ಬಿದ ಜಾತಿ, ಚಪ್ಪಟೆಯದರ ತಂಗಿ ಹಾಗೆ ಕಾಣುತ್ತೆ. ಅದು ಬದುಕೋದು ಕೆಸರಿನೊಳಗೆ. ಅಲ್ಲಿ ಕೊಳೆಯೋ ಸತ್ತ ಜೀವಿಗಳಿಂದ ಹಗುರ ಇಂಗಾಲ ಸೇರಿಕೊಳ್ಳುತ್ತೆ. ನೀನು ಅಳೆದಿದ್ದು ಕಡಲನ್ನಲ್ಲ, ಕೊಳೆತ ಕೆಸರನ್ನ."

"ಊಹೆ!"

"ಕಡಲತಳದಿಂದ ಕೊರೆದು ತಂದ ಆ ಕೆಸರುಕಂಬದ ಇನ್ನರ್ಧ ಉಗ್ರಾಣದಲ್ಲಿ ಮುಟ್ಟದೆ ಇಟ್ಟಿದ್ದೀವಲ್ಲ? ಅದರಿಂದ ಎರಡೂ ಜಾತಿ ಆರಿಸಿ ಅಳೆಸಿದೆ. ಚಪ್ಪಟೆಯದಕ್ಕೆ ಇಮ್ಕೆಯ ಅಂಕಿ ಬಂತು, ಉಬ್ಬಿದ್ದಕ್ಕೆ ನಿನ್ನದು. ಇಲ್ಲಿ ಮೋಸಗಾರರು ಯಾರೂ ಇಲ್ಲ. ತಪ್ಪಿತಸ್ಥ ಒಬ್ಬನೇ—ನೀನು. ನಿನ್ನ ಕಣ್ಣು."

ಡೆಟ್ಲೆಫ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೊರೆ ಬಂದಿದೆ, ಆಪರೇಷನ್ ಮಾಡಿಸ್ಕೋ ಅಂತ ಹೆಂಡತಿ ಬಡ್ಕೋತಾನೇ ಇದ್ದಾಳೆ..." ಅವರು ಇಮ್ಕೆಯತ್ತ ತಿರುಗಿದರು. "ತಪ್ಪಾಯ್ತಮ್ಮ. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೇನೇ ಹೇಳ್ತಿದ್ದೀನಿ. ಕಡಲು ಉಸಿರಾಡ್ತಿತ್ತು. ಎಲ್ಲಿ, ನಿನ್ನ ಪ್ರಬಂಧ ತಾ. ಸಹಿ ಎಲ್ಲಿ ಹಾಕ್ಬೇಕು ಅಂತ ಮಾತ್ರ ಬೆರಳಿಟ್ಟು ತೋರಿಸು."