ಡಾಕ್ಟರ ವಿಟಮಿನ್

ಸೋಮವಾರ ಬೆಳಗ್ಗೆ ಠಾಣೆಯಲ್ಲಿ ಇನ್ನೂ ಕಸ ಗುಡಿಸುತ್ತಿರುವಾಗಲೇ ಬೊಜ್ಜು ಕರಗಿಸುವ ಡಾಕ್ಟರು ಬಂದು ಬೆಂಚಿನ ಮೇಲೆ ಕೂತರು. ಕೂತಲ್ಲಿ ಕೂರಲಾಗದೆ ಎದ್ದರು, ಮತ್ತೆ ಕೂತರು. ಇಸ್ತ್ರಿ ಮಾಡಿದ ಅಂಗಿ ಬೇರೆಯವರದ್ದೇನೋ ಎಂಬಷ್ಟು ಸಡಿಲವಾಗಿತ್ತು.

"ನನಗೆ ಯಾರೋ ವಿಷ ಹಾಕ್ತಿದಾರೆ," ಎಂದರು ಇನ್‌ಸ್ಪೆಕ್ಟರ್ ಎದುರು. "ಕಣ್ಣಿಗೆ ನಿದ್ದೆ ಹತ್ತಿ ಮೂರು ವಾರ ಆಯ್ತು. ಊಟ ಸೇರಲ್ಲ. ಯಾರನ್ನ ನೋಡಿದ್ರೂ ಅನುಮಾನ."

ಅವರು ಮೇಜಿನ ಮೇಲಿಟ್ಟ ರಕ್ತ ಪರೀಕ್ಷೆಯ ವರದಿಯಲ್ಲಿ ಒಂದು ಉತ್ತೇಜಕ ಔಷಧದ ಹೆಸರಿತ್ತು.

"ಇದು ನಿಮ್ಮ ಕ್ಲಿನಿಕ್ಕಲ್ಲಿ ಇದೆಯಾ?"

"ಇದೆ. ಹಸಿವು ಕಡಿಮೆ ಮಾಡೋಕೆ ಕೊಡ್ತೀವಿ. ನಾನಂತೂ ಮುಟ್ಟಲ್ಲ."

"ಯಾಕೆ ಮುಟ್ಟಲ್ಲ?"

ಡಾಕ್ಟರು ಕಿಟಕಿಯ ಕಡೆ ನೋಡಿದರು.

ಇನ್‌ಸ್ಪೆಕ್ಟರಿಗೆ ಈ ಜಾತಿಯ ಔಷಧ ಹೊಸದೇನಲ್ಲ. ಒಂದು ಕಡೆ ಮನಸ್ಸು ನಿಲ್ಲದ ಅವರ ಮಗನಿಗೆ ಮನೋವೈದ್ಯರು ಅದೇ ಗುಂಪಿನ ಮಾತ್ರೆ ಬರೆದುಕೊಟ್ಟಿದ್ದರು. ತೂಕ, ನಾಡಿ, ರಕ್ತದೊತ್ತಡ ನೋಡದೆ ಆ ಮಹಾರಾಯರು ಪೆನ್ನಿಗೇ ಕೈ ಹಾಕುತ್ತಿರಲಿಲ್ಲ. ಮಾತ್ರೆ ಶುರುವಾದ ಮೇಲೆ ಹುಡುಗ ಕೂತು ಒಂದು ಪಾಠ ಪೂರ್ತಿ ಓದುವಂತಾಗಿದ್ದ. ಹಾಗಾಗಿ ಔಷಧದ ಮೇಲೆ ಇನ್‌ಸ್ಪೆಕ್ಟರಿಗೆ ಸಿಟ್ಟು ಬರಲಿಲ್ಲ. ಅದನ್ನು ಕೈಯಲ್ಲಿ ಹಿಡಿದವರ ಮೇಲೆ ಅನುಮಾನ ಬಂತು.

ಎಫ್‌ಐಆರ್ ದಾಖಲಾಯಿತು. ಡಾಕ್ಟರನ್ನು ಆಸ್ಪತ್ರೆಗೆ ಸೇರಿಸಿ, ಮಧ್ಯಾಹ್ನ ಪಂಚರ ಸಮಕ್ಷಮದಲ್ಲಿ ಕ್ಲಿನಿಕ್ಕಿನ ಪಂಚನಾಮೆ ನಡೆಸಿದರು. ಕಪಾಟಿನ ತುಂಬ ಅದೇ ಉತ್ತೇಜಕದ ಹಸಿರು ಮಾತ್ರೆ. ಮೂಲೆಯಲ್ಲಿದ್ದ ರಕ್ತದೊತ್ತಡದ ಯಂತ್ರದ ರಬ್ಬರ್ ನಳಿಗೆ ಬಿರುಕು ಬಿಟ್ಟು ಧೂಳು ಹಿಡಿದಿತ್ತು. ಡಾಕ್ಟರಿಗೆ ಅನುಮಾನವಿದ್ದದ್ದು ಕಾಂಪೌಂಡರ್ ಮೇಲೆ; ದಿನಾ ಟೀ ತಂದುಕೊಡುತ್ತಿದ್ದವನು ಅವನೇ.

"ಸಾಹೇಬ್ರ ಮೇಲೆ ಸಿಟ್ಟಿದೆಯಾ?"

"ಇದೆ ಸಾರ್. ಅವರ ಬಾಯಿ ನಿಮಗೆ ಗೊತ್ತಿಲ್ಲ. ಆದ್ರೆ ಹೋದ ವಾರ ಅವರು ಪರ ಊರಿಗೆ ಸಮ್ಮೇಳನಕ್ಕೆ ಹೋಗಿದ್ರು, ನಾನು ಇಲ್ಲೇ ಇದ್ದೆ. ನಿದ್ದೆ ಬರ್ಲಿಲ್ಲ ಅಂತ ಅಲ್ಲಿಂದ ಫೋನ್ ಮಾಡಿ ನನ್ನನ್ನೇ ಬೈದ್ರು. ನನ್ನ ಟೀ ಅಷ್ಟು ದೂರ ಹೋಗತ್ತಾ?"

ಹೆಡ್ ಕಾನ್‌ಸ್ಟೇಬಲ್ ಮೀಸೆಯಲ್ಲೇ ನಕ್ಕ. ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಫೋನ್ ಹಚ್ಚಿದರು. ಮನೆಯಿಂದ ಸಮ್ಮೇಳನಕ್ಕೆ ಬಾಯಿಗೆ ಹಾಕಿಕೊಳ್ಳುವಂಥದ್ದು ಏನು ಒಯ್ದಿದ್ದಿರಿ ಎಂದು ಡಾಕ್ಟರನ್ನು ಕೇಳಿದರು.

"ಏನೂ ಇಲ್ಲ. ವಿಟಮಿನ್ ಡಬ್ಬಿ ಒಂದೇ. ಹೆಂಡತಿ ಮರೀದೆ ಬ್ಯಾಗಲ್ಲಿ ಇಡ್ತಾಳೆ."

ಡಬ್ಬಿ ಡಾಕ್ಟರ ಬ್ಯಾಗಿನಲ್ಲೇ ಸಿಕ್ಕಿತು. ಅದನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ಗುರುವಾರ ಸಂಜೆ ವರದಿ ಬಂತು: ಕ್ಯಾಪ್ಸೂಲ್‌ಗಳೊಳಗೆ ವಿಟಮಿನ್ ಇರಲಿಲ್ಲ, ಹಸಿರು ಮಾತ್ರೆಯ ಪುಡಿಯಿತ್ತು.

ಶುಕ್ರವಾರ ಬೆಳಗ್ಗೆ ಮಹಿಳಾ ಪೇದೆಯನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಡಾಕ್ಟರ ಮನೆಗೆ ಹೋದರು. ಡಾಕ್ಟರ ಹೆಂಡತಿ ಬಾಗಿಲು ತೆಗೆದು, ಬರುವುದು ಗೊತ್ತಿತ್ತೆನ್ನುವಂತೆ ಪಕ್ಕಕ್ಕೆ ಸರಿದರು. ಗೋಡೆಯ ಮೇಲೆ ಕೆನ್ನೆ ತುಂಬಿದ ಹುಡುಗಿಯೊಬ್ಬಳ ಫೋಟೋ ನಗುತ್ತಿತ್ತು.

"ಕ್ಯಾಪ್ಸೂಲ್ ಬಿಚ್ಚಿ ಪುಡಿ ತುಂಬಿದ್ದು ಯಾರು?"

"ನಾನೇ. ಕ್ಲಿನಿಕ್ಕಿನ ಇನ್ನೊಂದು ಬೀಗದ ಕೈ ನನ್ನ ಹತ್ರ ಇದೆ."

"ಯಾಕೆ?"

"ನನ್ನ ತಂಗಿಗೆ ಅವರೂ ವಿಟಮಿನ್ ಅಂತಾನೇ ಕೊಟ್ಟಿದ್ದು." ಆಕೆ ಫೋಟೋ ಕಡೆ ತಿರುಗಲಿಲ್ಲ. "ಮದುವೆ ಗೊತ್ತಾಗಿತ್ತು. ಹುಡುಗನ ಕಡೆಯವರು ಸ್ವಲ್ಪ ಸಣ್ಣ ಆಗ್ಲಿ ಅಂದ್ರಂತೆ. ಚಿಕ್ಕಂದಿನಿಂದ ಅವಳ ಹೃದಯದಲ್ಲಿ ದೋಷ ಇತ್ತು, ಇವರಿಗೆ ಗೊತ್ತಿತ್ತು. ಆದ್ರೂ ಕೊಟ್ರು. ಅವಳು ನಿದ್ದೆ ಬಿಟ್ಟು ತೊಳೆದ ಪಾತ್ರೆನೇ ತಿರುಗಿ ತೊಳೀತಿದ್ಲು. ದರ್ಜಿ ಅಂಗಡೀಲಿ ಅಳತೆ ಕೊಡ್ತಾ ನಿಂತಲ್ಲೇ ಬಿದ್ಲು. ಸಹಜ ಸಾವು ಅಂತ ಇವರೇ ಬರೆದುಕೊಟ್ರು. ಅವಳ ಪರ್ಸಲ್ಲಿ ಉಳಿದಿದ್ದ ಮಾತ್ರೆನ ಔಷಧದಂಗಡೀಲಿ ತೋರಿಸಿದಾಗ ಎಲ್ಲಾ ಗೊತ್ತಾಯ್ತು."

"ಆಗಲೇ ದೂರು ಕೊಡಬಹುದಿತ್ತು."

"ದೇಹ ಸುಟ್ಟು ಬೂದಿಯಾಗಿತ್ತು. ಮರ್ಯಾದಸ್ಥ ಡಾಕ್ಟರು ಒಂದು ಕಡೆ, ತಲೆಕೆಟ್ಟ ಹೆಂಡತಿ ಒಂದು ಕಡೆ. ನೀವು ಯಾರನ್ನ ನಂಬ್ತಿದ್ರಿ?"

ಅದನ್ನೂ ಬರೆದುಕೊಳ್ಳುವಂತೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಗೆ ಸನ್ನೆ ಮಾಡಿದರು.

"ಗಂಡ ಸಾಯಲಿ ಅಂತ ಇತ್ತಾ?"

"ಸತ್ರೆ ಒಂದೇ ಸಲ ಮುಗಿದುಹೋಗತ್ತೆ. ಅವಳು ಒದ್ದಾಡಿದ ಹಾಗೆ ಒದ್ದಾಡ್ಲಿ ಅಂತ ಇತ್ತು."

"ಸತ್ತೇ ಹೋಗಿದ್ರೆ?"

"ಹೋಗ್ತಿದ್ರು."

ಮಹಿಳಾ ಪೇದೆಯ ಪೆನ್ನು ಕ್ಷಣ ನಿಂತು ಮತ್ತೆ ಓಡಿತು. ಡಾಕ್ಟರ ಹೆಂಡತಿ ಒಳಗೆ ಹೋಗಿ ತಂಗಿಯ ಪರ್ಸ್ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಇನ್ನೂ ಎರಡು ಹಸಿರು ಮಾತ್ರೆಗಳಿದ್ದವು. ಬಂಧನದ ಕಾಗದಕ್ಕೆ ಆಕೆ ಸಹಿ ಹಾಕಿದರು. ಅದೇ ಮಧ್ಯಾಹ್ನ ಠಾಣೆಯಲ್ಲಿ, ಆ ಎರಡು ಮಾತ್ರೆಗಳನ್ನು ಆಧಾರವಾಗಿಟ್ಟುಕೊಂಡು, ಡಾಕ್ಟರ ಮೇಲೂ ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಯ ಹಾಸಿಗೆಯ ಪಕ್ಕ ಒಬ್ಬ ಪೇದೆಯನ್ನು ಕೂರಿಸಿದರು.

ಡಾಕ್ಟರ ಹೆಂಡತಿಯ ಹೇಳಿಕೆಯ ಕೊನೆಯಲ್ಲಿ ಇನ್ನೇನಾದರೂ ಸೇರಿಸಬೇಕೇ ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಸಾಯೋ ಹಿಂದಿನ ದಿನ ತಂಗಿ ಇವರನ್ನ, 'ಭಾವ, ಎದೆ ಹಾರ್ತಿದೆ, ಮಾತ್ರೆ ಬಿಡ್ಲಾ' ಅಂತ ಕೇಳಿದ್ಲು. ಮದುವೆ ಹತ್ರ ಬಂದ್ರೆ ಎಲ್ಲರಿಗೂ ಹಾಗೇ ಅಂತ ಇವರು ನಕ್ರು. ನಾನು ಅಡುಗೆಮನೇಲಿ ಇದ್ದೆ, ಆ ನಗು ಕೇಳಿಸ್ತು. ಹೋದ ತಿಂಗಳು ಇವರೂ ಎದೆ ಹಾರ್ತಿದೆ ಅಂತ ನನ್ನ ಹತ್ರ ಅಂದ್ರು." ಆಕೆ ಸೆರಗು ಸರಿಮಾಡಿಕೊಂಡರು. "ನಾನು ನಗಲಿಲ್ಲ. ನೀರು ತಂದುಕೊಟ್ಟು, ವಿಟಮಿನ್ ತಗೊಂಡ್ರಾ ಅಂತ ಕೇಳಿದೆ."