ಎದುರು ಕಂಪನಿಯವನು

"ಅಣ್ಣಾರ, ಆ ಫೋನ್ ತಗೋಬ್ಯಾಡ್ರಿ! ಎರಡು ವರ್ಷಕ್ಕ ಬ್ಯಾಟರಿ ಖಲಾಸ್!"

ಸ್ಟೇಶನ್ ಬಜಾರದ ಮೊಬೈಲ್ ಅಂಗಡಿಯಲ್ಲಿ 'ತಾರಾ' ಫೋನ್ ಮಾರುತ್ತಿದ್ದ ಭುವನೇಶ್ವರಿ ಸರ್ರನೆ ತಿರುಗಿದಳು. ಅಂದೇ ಎದುರು ಕೌಂಟರಿಗೆ ಬಂದ 'ವೇಗಾ' ಕಂಪನಿಯವನು ಅವಳ ಗಿರಾಕಿಯನ್ನೇ ಕರೆಯುತ್ತಿದ್ದ!

"ನಿಮ್ಮದು ಹ್ಯಾಂಗ್ ಆಗ್ತದಲ್ರೀ, ಅದನ್ನೂ ಹೇಳ್ರಿ!"

ಅವನು ನಕ್ಕುಬಿಟ್ಟ. ಕಮಲಾಪುರದ ಸಂಜುಕುಮಾರ... ಆ ನಗುವಿಗೇ ಅವಳು ಸೋತದ್ದು.

ಆರು ತಿಂಗಳು ಹಗಲೆಲ್ಲ ಕ್ಯಾಮೆರಾ, ಬ್ಯಾಟರಿ ಎಂದು ಜಗಳ. ಸಂಜೆ ಜೊತೆಗೆ ಚಹಾ. ವೇಗಾ ಫೋನ್ ಇದ್ದವರಿಗಷ್ಟೇ ಸಿಗುವ ಚಾಟ್‌ನಲ್ಲಿ ಅವನೊಂದಿಗೆ ಹರಟಲು ಅವಳು ಗುಟ್ಟಾಗಿ ಆ ಫೋನನ್ನೂ ಕೊಂಡಳು.

ಸಂಜು ರಜೆಯಲ್ಲಿದ್ದ ಒಂದು ದಿನ ತಾರಾ ಮ್ಯಾನೇಜರ್ ಮಹಾದೇವಪ್ಪ ಅದನ್ನು ಕಂಡುಬಿಟ್ಟರು.

"ನಮ್ಮ ಬ್ಯಾಡ್ಜ್, ಅವರ ಫೋನಾ? ಇನ್ನೊಮ್ಮೆ ಕಂಡ್ರ ನೌಕರಿ ಇಲ್ಲ ನೋಡವ್ವ!"

ಮನೆ ನಡೆಯುವುದೇ ಅವಳ ಸಂಬಳದಲ್ಲಿ. ಅಲ್ಲೇ ಫೋನ್ ಬಂದ್ ಮಾಡಿ, ಬ್ರಹ್ಮಪುರದ ಮನೆಯ ಪೆಟ್ಟಿಗೆಯಲ್ಲಿಟ್ಟಳು.

ಮರುದಿನ ಎದುರು ಕೌಂಟರಿನಲ್ಲಿ ಬೇರೆ ಯಾರೋ ನಿಂತಿದ್ದರು! ಸಂಜುವನ್ನು ಕಮಲಾಪುರದ ಅಂಗಡಿಗೆ ಹಾಕಿದ್ದಾರಂತೆ.

'ಒಂದು ಮಾತೂ ಹೇಳದೆ ಹೋದನಾ? ನಾನು ಅವನಿಗೆ ಏನೂ ಅಲ್ಲವಾ?' ಕರೆ ಮಾಡಲು ಸ್ವಾಭಿಮಾನ ಬಿಡಲಿಲ್ಲ.

ಹನ್ನೊಂದನೆಯ ದಿನ, ಆ ಫೋನ್ ಮಾರಿಬಿಡೋಣವೆಂದು ಹೊರತೆಗೆದು ಚಾಲೂ ಮಾಡಿದಳು. ಚಾಟ್‌ನಲ್ಲಿ ಅವನ ಸಂದೇಶ ಕಾದಿತ್ತು!

"ಕಮಲಾಪುರಕ್ಕ ಹಾಕ್ಯಾರ. ನಿಮ್ಮ ಮನಿಗಿ ಬಂದು ಮದುವಿಗಿ ನಿಮ್ಮನ್ನ ಕೇಳ್ಲಾ? ಬ್ಯಾಡಾಗಿದ್ರ ಉತ್ತರ ಕೊಡಬ್ಯಾಡ್ರಿ. ತಿಳ್ಕೋತೀನಿ."

ಹನ್ನೊಂದು ದಿನ ಸುಮ್ಮನಿದ್ದೆನಲ್ಲ!

ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ... ಸ್ವಿಚ್ ಆಫ್!

ಕಮಲಾಪುರದ ಬಸ್ಸು ಹತ್ತಿದಳು. 'ಮನೆಯವರು ಬೇರೆ ಹುಡುಗಿ ನೋಡಿದ್ದರೆ? ನನ್ನ ಮುಖವನ್ನೇ ನೋಡದಿದ್ದರೆ?' ದಾರಿಯುದ್ದಕ್ಕೂ ಇದೇ ಯೋಚನೆ.

ಅಂಗಡಿಯಲ್ಲಿ ಅವಳನ್ನು ಕಂಡ ಸಂಜು ಕೈಲಿದ್ದ ಡಬ್ಬಿ ಕೆಳಗಿಟ್ಟ. ನಗಲಿಲ್ಲ.

"ಫೋನ್ ಯಾಕ ಬಂದ್ ಇಟ್ಟೀರಿ?"

"ಚಾಲೂ ಇದ್ರ ನಿಮ್ಮ ಉತ್ತರನೇ ನೋಡ್ಕೋತ ಕೂಡ್ತಿದ್ದೆ..."

"ನಾ ಓದೇ ಇರಲಿಲ್ರೀ! ಸಾಹೇಬ್ರು ಬೈದ್ರಂತ ಪೆಟ್ಟಿಗ್ಯಾಗ ಇಟ್ಟಿದ್ದೆ. ಇವತ್ತು ಓದಿದೆ..." ಕಣ್ಣು ತುಂಬಿ ಬಂದವು.

"ಓದಿ?"

"ಬಸ್ ಹತ್ತಿದೆ."

ಅವನು ಈಗ ನಕ್ಕ. "ಹಂಗಾದ್ರ... ಮನಿಗಿ ಯಾವಾಗ ಬರ್ಲಿ?"

"ಐತವಾರ ಬರ್ರಿ. ಅವ್ವಗ ನಾ ಮೊದಲೇ ಹೇಳಿರ್ತೀನಿ."

"ಏನಂತ?"

ಅವಳು ತಲೆತಗ್ಗಿಸಿದಳು. "ನಂಗ ಇವರೇ ಬೇಕಂತ."